ಎರವಲು ಬೆಳಕು ಅಂತ ಹಂಗಿಸುವವರಿಗೆ, ಬೆಳಕು ಬಿದ್ದ ಮೇಲೂ ಸುಮ್ಮನೆ ಕೂತವರಿಗೆ



ಪೋಸ್ಟ್ ಸ್ವಲ್ಪ ಉದ್ದ ಇದೆ. ಟೈಮ್ ಮಾಡ್ಕೊಂಡು ಪೂರ್ತಿ ಓದ್ರಿ, ಆಮೇಲೆ ಬೈಯೋದಿದ್ರೆ ಬೈರಿ.

"ನಿಮ್ಮದು ಅಂತ ಏನದಪ್ಪ? ಎಲ್ಲಾ ಅಂಬೇಡ್ಕರ್ ಕೊಟ್ಟದ್ದು. ಮೀಸಲಾತಿ ಬೆಳಕಿನ್ಯಾಗ ನಿಂತು ಮಿಂಚಾಕತ್ತೀರಿ. ಆ ಲೈಟ್ ಆರಿಸಿದ್ರ ಮುಗೀತು." ಈ ಮಾತನ್ನು ನಾನು ಒಂದು ಸಲ ಕೇಳಿದ್ದಲ್ಲ. ಚಹಾದ ಅಂಗಡಿಯಲ್ಲಿ ಕೇಳಿದ್ದೇನೆ, ಸಿಂಧನೂರು ಬಸ್ಸಿನಲ್ಲಿ ಕೇಳಿದ್ದೇನೆ, ಕಚೇರಿಯಲ್ಲಿ ಟೇಬಲ್ಲಿನ ಆ ಕಡೆಯಿಂದ ಕೇಳಿದ್ದೇನೆ. ಹೇಳುವವರು ನಗುತ್ತಲೇ ಹೇಳ್ತಾರೆ, ತಮಾಷೆ ಮಾಡಿದೆ ಅಂತಾರೆ.

ನಮ್ಮ ಹುಡುಗರು ಇದಕ್ಕೆ ಎರಡು ಥರ ಉತ್ತರ ಕೊಡ್ತಾರೆ. ಕೆಲವರು ಜಗಳಕ್ಕೆ ಬೀಳ್ತಾರೆ. ಇನ್ನು ಕೆಲವರು ಮೆಲ್ಲಗೆ, "ಇಲ್ರಿ ಸರ್, ನಾನು ಜನರಲ್ ಮೆರಿಟ್‌ನ್ಯಾಗ ಬಂದವ" ಅಂತ ರುಜುವಾತು ಕೊಡಲು ಹೊರಡುತ್ತಾರೆ. ನನಗೆ ಹೆಚ್ಚು ನೋವಾಗೋದು ಈ ಎರಡನೇ ಉತ್ತರದಿಂದ. ಹಾಗೆ ಹೇಳಿದ ಕೂಡಲೇ ಹಂಗಿಸಿದವನ ಮಾತನ್ನು ನಾವೇ ಒಪ್ಪಿಕೊಂಡಂತೆ ಆಗುತ್ತದೆ. ಅಂದರೆ, ಇನ್ನೊಬ್ಬರಿಂದ ಬಂದ ಬೆಳಕು ಕೀಳು, ಸ್ವಂತ ಬೆಳಕು ಮೇಲು ಅಂತ.

ನಾನು ಹೇಳೋದು ಬೇರೆ. ಹೌದ್ರಿ, ನಮ್ಮದು ಪ್ರತಿಫಲಿತ ಬೆಳಕೇ. ಅದರಲ್ಲಿ ನಾಚಿಕೆ ಏನೂ ಇಲ್ಲ. ನಾಚಿಕೆ ಪಡಬೇಕಾದ್ದು ಬೇರೆ ಒಂದಿದೆ, ಅದನ್ನು ನಮ್ಮವರಿಗೇ ಹೇಳಬೇಕಿದೆ. ಎರಡನ್ನೂ ಈ ಪೋಸ್ಟಿನಲ್ಲೇ ಹೇಳ್ತೀನಿ.

ಮೊದಲು ಶಾಲೆಯಲ್ಲಿ ಕಲಿತ ವಿಜ್ಞಾನವನ್ನೇ ನೆನಪು ಮಾಡಿಕೊಳ್ಳೋಣ. ನಾವು ಕಣ್ಣಿಂದ ನೋಡುವ ಬಹುತೇಕ ಎಲ್ಲವೂ ತಾನೇ ಹೊಳೆಯುವಂಥದ್ದಲ್ಲ. ಹೊಲ, ದನ, ರಸ್ತೆ, ಎದುರಿಗೆ ಕೂತ ಮನುಷ್ಯನ ಮುಖ, ಕೈಯಲ್ಲಿರುವ ಪುಸ್ತಕ, ಎಲ್ಲದರ ಮೇಲೂ ಬೇರೆ ಕಡೆಯಿಂದ ಬೆಳಕು ಬಿದ್ದು, ಅದು ತಿರುಗಿ ನಮ್ಮ ಕಣ್ಣಿಗೆ ಬರುತ್ತದೆ. ಆಗಲೇ ಅದು ಕಾಣೋದು. ಹುಣ್ಣಿಮೆ ಚಂದ್ರನನ್ನು ಹಾಡಿ ಹೊಗಳದ ಭಾಷೆ ಇಲ್ಲ. ಆದರೆ ಚಂದ್ರನ ನೆಲ ಹಳೇ ಡಾಂಬರ್ ರಸ್ತೆಯಷ್ಟು ಕಪ್ಪು. ಅದರ ಮೇಲೆ ಬಿದ್ದ ಬಿಸಿಲಿನಲ್ಲಿ ಸುಮಾರು ಶೇ 12ರಷ್ಟನ್ನು ಮಾತ್ರ ಅದು ತಿರುಗಿಸಿ ಕಳಿಸುತ್ತದೆ. ಆ ಶೇ 12ರಲ್ಲೇ ನಮ್ಮ ಕಡೆ ಕರೆಂಟ್ ಹೋದ ರಾತ್ರಿ ಗದ್ದೆಯ ಬದುವಿನ ಮೇಲೆ ಟಾರ್ಚ್ ಇಲ್ಲದೆ ನಡೆದು ಹೋಗಬಹುದು. ಕಪ್ಪಗಿದೆ, ಬೆಳಕು ತನ್ನದಲ್ಲ, ಬಂದದ್ದರಲ್ಲಿ ಸ್ವಲ್ಪವೇ ಕೊಡುತ್ತದೆ. ಆದರೂ ಇಡೀ ಊರಿಗೆ ದಾರಿ ಕಾಣಿಸುತ್ತದೆ. ಚಂದ್ರನಿಗೆ "ನಿನ್ನದೇನದ?" ಅಂತ ಯಾರೂ ಕೇಳೋದಿಲ್ಲ. ನಮಗೇ ಯಾಕೆ ಕೇಳ್ತಾರೆ?

ಕೇಳುವವರ ಬೆಳಕು ಎಲ್ಲಿಂದ ಬಂತು ಅಂತಲೂ ಒಮ್ಮೆ ನೋಡೋಣ. ಸಿಂಧನೂರು ಅಂದ್ರೆ ಈಗ ಭತ್ತದ ನಾಡು. ಆ ಭತ್ತ ಯಾರೊಬ್ಬರ ಸ್ವಂತ ಪ್ರತಿಭೆಯಿಂದ ಬಂದದ್ದಲ್ಲ. 1945ರಲ್ಲಿ ಅಡಿಗಲ್ಲು ಹಾಕಿ 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನಿಂದ ಬಂದದ್ದು, ಎಡದಂಡೆ ಕಾಲುವೆಯಿಂದ ಬಂದದ್ದು. ಸರ್ಕಾರದ ದುಡ್ಡು, ಜನರ ತೆರಿಗೆ, ಅದಕ್ಕಾಗಿ ಮುಳುಗಿದ ಊರುಗಳು, ಮೊಣಕಾಲುದ್ದ ಕೆಸರಲ್ಲಿ ಬಗ್ಗಿ ನಾಟಿ ಹಚ್ಚಿದ ನಮ್ಮ ಹೆಣ್ಣುಮಕ್ಕಳ ಬೆನ್ನು, ಇಷ್ಟೆಲ್ಲಾ ಸೇರಿ ಎರಡಂತಸ್ತಿನ ಮನೆಗಳಾದವು. ಕಾಲುವೆ ನೀರು ಬಂದವರಿಗೆ ಅದು ಹಕ್ಕು, ನಮ್ಮ ಮಕ್ಕಳಿಗೆ ಹಾಸ್ಟೆಲ್ ಸೀಟು ಬಂದರೆ ಅದು ಎರವಲು. ಇದು ಯಾವ ಲೆಕ್ಕ? ಕಾಲುವೆಯ ಕೊನೇ ಭಾಗದ ರೈತರು ನೀರು ಸಿಗಲಿಲ್ಲ ಅಂತ ವರ್ಷಾವರ್ಷ ಹೋರಾಟ ಮಾಡ್ತಾರೆ. ಅದು ನ್ಯಾಯದ ಹೋರಾಟ, ನಾವೂ ಅವರ ಜೊತೆ ನಿಂತಿದ್ದೇವೆ. "ಮ್ಯಾಲಿನವರು ಕುಡಿದು ಮುಗಿಸಿದ್ರ ಕೆಳಗಿನವರ ಗತಿ ಏನು?" ಅಂತ ಅವರು ಕೇಳುವ ಪ್ರಶ್ನೆಯನ್ನೇ ನಮ್ಮ ಕೇರಿ ಎರಡು ಸಾವಿರ ವರ್ಷದಿಂದ ಕೇಳ್ತಾ ಇದೆ. ಮೀಸಲಾತಿ ಅಂದರೆ ಕೊನೇ ಭಾಗಕ್ಕೆ ನೀರು ಮುಟ್ಟಿಸುವ ಗೇಟು. ಅದನ್ನು ಭಿಕ್ಷೆ ಅನ್ನಬ್ಯಾಡ್ರಿ.

ಈಗ ಬಾಬಾಸಾಹೇಬರ ವಿಷಯ. ಅವರನ್ನು ನಾವು ಸೂರ್ಯ ಅಂತೀವಿ, ಹಾಡಿನಲ್ಲೂ ಹಾಗೇ ಹಾಡ್ತೀವಿ. ಆದರೆ ಅವರೇ ತಮಗೆ ಮೂವರು ಗುರುಗಳಿದ್ದಾರೆ ಅಂತ ಹೇಳಿಕೊಂಡವರು: ಬುದ್ಧ, ಕಬೀರ, ಜ್ಯೋತಿಬಾ ಫುಲೆ. 1907ರಲ್ಲಿ ಅವರು ಮೆಟ್ರಿಕ್ ಪಾಸಾದಾಗ ಕೃಷ್ಣಾಜಿ ಅರ್ಜುನ ಕೆಳುಸ್ಕರ್ ಎಂಬ ಶಿಕ್ಷಕರು ತಾವು ಮರಾಠಿಯಲ್ಲಿ ಬರೆದ ಬುದ್ಧನ ಚರಿತ್ರೆಯನ್ನು ಆ ಹುಡುಗನ ಕೈಗೆ ಕೊಟ್ಟರು. ಒಂದು ಪುಸ್ತಕ ಅಷ್ಟೇ. ಆ ಬೆಳಕು ಅವರೊಳಗೆ ಸುಮಾರು ಐವತ್ತು ವರ್ಷ ಇತ್ತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನ ಅವರ ಜೊತೆ ಧಮ್ಮ ದೀಕ್ಷೆ ತಗೊಂಡರು. ಬರೋಡಾದ ಸಯಾಜಿರಾವ್ ಮಹಾರಾಜರ ವಿದ್ಯಾರ್ಥಿವೇತನದಿಂದ 1913ರಲ್ಲಿ ಅಮೆರಿಕಕ್ಕೆ ಹೋದರು, ಕೊಲಂಬಿಯಾದಲ್ಲಿ ಜಾನ್ ಡ್ಯೂಯಿಯ ಪಾಠ ಕೇಳಿದರು. 1946ರಲ್ಲಿ ಶೂದ್ರರು ಯಾರು ಎಂಬ ಗ್ರಂಥ ಬರೆದು ಅದನ್ನು ಫುಲೆಯವರಿಗೆ ಅರ್ಪಿಸಿದರು. ತಮಗೆ ಬೆಳಕು ಎಲ್ಲಿಂದ ಬಂತು ಅಂತ ಹೇಳಲು ಅವರಿಗೆ ಯಾವತ್ತೂ ಸಂಕೋಚ ಇರಲಿಲ್ಲ. ನಮಗೆ ಯಾಕಿರಬೇಕು?

"ಹಾಗಾದ್ರೆ ಎಲ್ಲಾ ನಕಲು" ಅನ್ನುವವರಿಗೆ ಇನ್ನೊಂದು ಮಾತು. ಬೆಳಕು ತಿರುಗಿ ಬರುವಾಗ ಬಂದ ಹಾಗೇ ಹೋಗೋದಿಲ್ಲ. ಕೆಂಪು ಗೋಡೆಗೆ ಬಿದ್ದ ಬಿಸಿಲು ಎದುರಿನ ಗೋಡೆಯನ್ನೂ ಕೆಂಪು ಮಾಡುತ್ತೆ. ಯಾವ ಗೋಡೆಗೆ ಬಿತ್ತೋ ಆ ಗೋಡೆಯ ಬಣ್ಣ ಅದಕ್ಕೆ ಸೇರುತ್ತೆ. ಜ್ಯೋತಿಬಾ ಮನೆಯಲ್ಲೇ ಸಾವಿತ್ರಿಬಾಯಿಗೆ ಅಕ್ಷರ ಕಲಿಸಿದರು. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು, ಸಾವಿತ್ರಿಬಾಯಿ ಅಲ್ಲಿ ಟೀಚರ್ ಆದರು. ಅವರ ಶಾಲೆಯಲ್ಲಿ ಕಲಿತ ಮುಕ್ತಾ ಸಾಳ್ವೆ ಎಂಬ ಮಾಂಗ್ ಸಮುದಾಯದ ಹುಡುಗಿ, ವಯಸ್ಸು ಹದಿನಾಲ್ಕರ ಆಸುಪಾಸು, 1855ರಲ್ಲಿ ಜ್ಞಾನೋದಯ ಪತ್ರಿಕೆಯಲ್ಲಿ ಮಾಂಗ್ ಮತ್ತು ಮಹಾರರ ದುಃಖದ ಬಗ್ಗೆ ಪ್ರಬಂಧ ಬರೆದಳು. ಮಾಂಗ್ ಅಂದರೆ ನಮ್ಮ ಕಡೆಯ ಮಾದಿಗರಂಥದೇ ಸಮುದಾಯ. ತಲೆ ಮೇಲೆ ಸೂರಿಲ್ಲದೆ ಮಳೆ ಚಳಿಯಲ್ಲಿ ಹೆರುವ ನಮ್ಮ ಹೆಂಗಸರ ಗತಿ ಏನು, ನಮ್ಮ ಧರ್ಮ ಅಂತ ಇರೋದಾದರೂ ಯಾವುದು ಅಂತ ಆ ಹುಡುಗಿ ಕೇಳಿದಳು. ಈ ಪ್ರಶ್ನೆಯನ್ನು ಫುಲೆ ಹೇಳಿಕೊಟ್ಟಿರಲಿಕ್ಕಿಲ್ಲ, ಅವಳ ಕೇರಿ ಹೇಳಿಕೊಟ್ಟಿತ್ತು. ಅಕ್ಷರ ಬಂದದ್ದು ಟೀಚರಿಂದ, ಬಣ್ಣ ಅವಳದೇ.

ಚಳವಳಿಯೂ ಹೀಗೇ ಬಂದದ್ದು. ಅಮೆರಿಕದಲ್ಲಿ 1966ರಲ್ಲಿ ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ಸ್ ಹುಟ್ಟಿತು. ಅದನ್ನು ನೋಡಿ 1972ರಲ್ಲಿ ಮುಂಬೈಯಲ್ಲಿ ದಲಿತ ಪ್ಯಾಂಥರ್ಸ್. ನಮ್ಮಲ್ಲಿ 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿನ ಗಲಾಟೆ, ಅದರ ಬೆನ್ನಿಗೆ ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದ ಬಿ. ಕೃಷ್ಣಪ್ಪನವರು ಮತ್ತು ಗೆಳೆಯರು ಕಟ್ಟಿದ ದಲಿತ ಸಂಘರ್ಷ ಸಮಿತಿ. ಅಲ್ಲಿಂದ ಹಲಗೆ, ತಮಟೆ ಜೊತೆಗೆ ಹೋರಾಟದ ಹಾಡುಗಳು ರಾಯಚೂರು ಜಿಲ್ಲೆಯ ಕೇರಿಗಳಿಗೆ ಬಂದವು. ಅಷ್ಟು ದೂರದಿಂದ ಎಷ್ಟೋ ಗೋಡೆ ತಾಕಿ ಬಂದ ಬೆಳಕು ಇದು. ಬಂದು ಮುಟ್ಟಿದಾಗ ಅದು ನಮ್ಮ ಭಾಷೆ ಮಾತಾಡ್ತಿತ್ತು.

ಇನ್ನೂ ಹಳೇದು ಬೇಕಾದ್ರೆ ದೂರ ಹೋಗೋದು ಬ್ಯಾಡ. ನಮ್ಮ ಪಕ್ಕದ ಮಸ್ಕಿಗೆ ಹೋಗ್ರಿ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಅಲ್ಲಿಯ ಬಂಡೆ ಮೇಲೆ ಅಶೋಕನ ಶಾಸನ ನೋಡಿದ. ಅಲ್ಲಿಯ ತನಕ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತಷ್ಟೇ ಇತ್ತು. ಅಶೋಕ ಎಂಬ ಹೆಸರು ಸ್ಪಷ್ಟವಾಗಿ ಸಿಕ್ಕಿದ್ದು ಮಸ್ಕಿಯಲ್ಲಿ. ಶಾಲೆಯಲ್ಲಿ ಇಷ್ಟನ್ನು ಬಾಯಿಪಾಠ ಮಾಡಿಸ್ತಾರೆ, ಪರೀಕ್ಷೆಯಲ್ಲಿ ಒಂದು ಮಾರ್ಕು ಬರುತ್ತೆ. ಆದರೆ ಆ ಬಂಡೆ ಏನು ಹೇಳುತ್ತೆ ಅಂತ ಯಾರೂ ಹೇಳಲ್ಲ. ಅಶೋಕ ಅಲ್ಲಿ ಹೇಳೋದು ಇಷ್ಟು: ನಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಯ್ತು. ಸಂಘಕ್ಕೆ ಹತ್ತಿರವಾಗಿ ಹೆಚ್ಚು ಶ್ರಮ ಪಟ್ಟೆ. ಧಮ್ಮದಲ್ಲಿ ತೊಡಗಿದರೆ ಸಣ್ಣವನೂ ಇದನ್ನು ಪಡೆಯಬಹುದು, ದೊಡ್ಡವರಿಗೆ ಮಾತ್ರ ಸಾಧ್ಯ ಅಂತ ತಿಳೀಬಾರದು. ಇದನ್ನು ಸಣ್ಣವರಿಗೂ ಹೇಳಬೇಕು, ದೊಡ್ಡವರಿಗೂ ಹೇಳಬೇಕು.

ಯೋಚನೆ ಮಾಡ್ರಿ. ಇಡೀ ದೇಶ ಆಳುವ ರಾಜ, ಮೊದಲು ತಾನು ಬದಲಾದ ಕತೆ ಹೇಳ್ತಾನೆ, ಆಮೇಲೆ ಸಣ್ಣವರಿಗೂ ಸಾಧ್ಯ ಅಂತಾನೆ, ಕೊನೆಗೆ ಇದನ್ನು ಮುಂದಕ್ಕೆ ಹೇಳಿರಿ ಅಂತಾನೆ. ತಾನು ಬದಲಾಗೋದು, ಸಮಾಜ ಬದಲಾಗೋದು, ಎರಡೂ ಒಂದೇ ಬಂಡೆ ಮೇಲಿವೆ. ಬುದ್ಧನ ಬೆಳಕು ಅಶೋಕನಿಗೆ ತಾಕಿ, ಅವನಿಂದ ನಮ್ಮ ನಾಡಿನ ಒಂದು ಕಲ್ಲಿಗೆ ತಾಕಿ, ಎರಡು ಸಾವಿರ ವರ್ಷಕ್ಕೂ ಮೇಲೆ ಅಲ್ಲೇ ಕಾಯ್ತಾ ಇದೆ. ನಮ್ಮ ಮಕ್ಕಳನ್ನು ಟೂರ್ ಅಂತ ಎಲ್ಲೆಲ್ಲಿಗೋ ಕರಕೊಂಡು ಹೋಗ್ತೀವಿ. ಒಂದು ಭಾನುವಾರ ಮಸ್ಕಿಗೆ ಕರಕೊಂಡು ಹೋಗಿ ಈ ಸಾಲುಗಳ ಅರ್ಥ ಹೇಳ್ರಿ.

ಹಂಗಿಸುವವರಿಗೆ ಹೇಳೋದು ಇಲ್ಲಿಗೆ ಮುಗೀತು. ಈಗ ನಮ್ಮವರಿಗೆ. ಇದು ಸ್ವಲ್ಪ ಕಹಿ.

ಬೆಳಕು ಬಿದ್ದ ಮೇಲೆ ವಸ್ತು ಏನು ಮಾಡುತ್ತೆ ಅನ್ನೋದರಲ್ಲಿ ನಾಲ್ಕು ಥರ ಇದೆ.

ಒಂದು, ಕರಿ ಕಂಬಳಿ ಥರ. ಎಷ್ಟು ಬಿದ್ದರೂ ಒಳಗೇ ಎಳಕೊಳ್ಳುತ್ತೆ. ತಾನು ಬೆಚ್ಚಗಾಗುತ್ತೆ, ಪಕ್ಕದವರಿಗೆ ಏನೂ ಕಾಣಲ್ಲ.

ಎರಡು, ರೋಡಿನ ಬೋರ್ಡು, ಟ್ರ್ಯಾಕ್ಟರ್ ಟ್ರೇಲರಿಗೆ ಅಂಟಿಸುವ ರೇಡಿಯಂ ಥರ. ಯಾವ ಗಾಡಿ ಹೆಡ್‌ಲೈಟ್ ಬಿಡುತ್ತೋ ಆ ಗಾಡಿಯವನಿಗೇ ಬೆಳಕನ್ನು ವಾಪಸ್ ಕೊಡುತ್ತೆ. ಡ್ರೈವರಿಗೆ ಝಗ್ ಅಂತ ಹೊಳೆಯುತ್ತೆ. ಪಕ್ಕದಲ್ಲಿ ನಡಕೊಂಡು ಹೋಗುವವನಿಗೆ ಅದು ಬರೀ ಕತ್ತಲೆ.

ಮೂರು, ಕನ್ನಡಿ ಥರ. ಬಿದ್ದ ಬೆಳಕನ್ನು ಒಂದೇ ದಿಕ್ಕಿಗೆ ಕಳಿಸುತ್ತೆ. ಹಿಡಿಯೋ ಕೈ ಸರಿ ಇದ್ದರೆ ಕತ್ತಲ ಮೂಲೆಗೆ ಬೆಳಕು, ಸರಿ ಇಲ್ಲದಿದ್ದರೆ ಎದುರಿನವರ ಕಣ್ಣಿಗೆ ಚುಚ್ಚುತ್ತೆ.

ನಾಲ್ಕು, ಸುಣ್ಣ ಬಳಿದ ಒರಟು ಗೋಡೆ ಥರ. ನಮ್ಮ ಕಡೆಯ ಹಳೇ ಮಾಳಿಗೆ ಮನೆಗಳಲ್ಲಿ ಕಿಟಕಿ ಇರಲ್ಲ, ಮೇಲೆ ಒಂದು ಬೆಳಕಿಂಡಿ ಇರುತ್ತೆ. ಅದರಿಂದ ಒಂದು ಕೋಲಿನಷ್ಟು ಬಿಸಿಲು ನೆಲಕ್ಕೆ ಬೀಳುತ್ತೆ. ಅದು ನೆಲದಿಂದ ಗೋಡೆಗೆ, ಗೋಡೆಯಿಂದ ಇನ್ನೊಂದು ಗೋಡೆಗೆ ಹೋಗಿ ಅಡುಗೆ ಮಾಡುವ ಜಾಗಕ್ಕೂ ಬೆಳಕಾಗುತ್ತೆ. ಹಬ್ಬಕ್ಕೆ ಸುಣ್ಣ ಬಳಿದ ಮರುದಿನ ಅದೇ ಬೆಳಕಿಂಡಿ, ಅದೇ ಬಿಸಿಲು, ಆದರೆ ಮನೆ ಹೆಚ್ಚು ಬೆಳ್ಳಗೆ ಕಾಣುತ್ತೆ. ಆ ಗೋಡೆ ಹೊಳೆಯೋದಿಲ್ಲ, ಅದರಲ್ಲಿ ಯಾರ ಮುಖವೂ ಕಾಣಲ್ಲ. ಮನೆ ಮಾತ್ರ ಬೆಳಗುತ್ತೆ.

ಈಗ ನಮ್ಮಲ್ಲಿ ಯಾರು ಯಾವುದು ಅಂತ ಅವರವರೇ ನೋಡಿಕೊಳ್ಳಬೇಕು.

ಕಂಬಳಿ ಯಾರು? ಕೇರಿಯಿಂದ ಓದಿ ಮೇಲೆ ಬಂದು, ನೌಕರಿ ಸಿಕ್ಕ ಮೇಲೆ ಸಿಂಧನೂರಲ್ಲೋ ರಾಯಚೂರಲ್ಲೋ ಸೈಟ್ ತಗೊಂಡು, ಮಗುವಿನ ಹೆಸರಿನ ಜೊತೆಗೆ ಜಾತಿ ಗೊತ್ತಾಗದಂಥ ಅಡ್ಡಹೆಸರು ಹಚ್ಚಿ, ಊರ ಕಡೆಯ ಫೋನ್ ಎತ್ತದೆ ಇರುವವರು. ಅವರ ಭಯ ನನಗೆ ಅರ್ಥವಾಗುತ್ತೆ. ನಾನು ಮೊದಲು ಕೆಲಸ ಮಾಡಿದ ಒಂದು ಕಚೇರಿಯಲ್ಲಿ ಎಲ್ಲರ ಚಹಾ ಒಂದೇ ಟ್ರೇಯಲ್ಲಿ ಬರ್ತಿತ್ತು, ನನ್ನದು ಮಾತ್ರ ಪೇಪರ್ ಕಪ್ಪಿನಲ್ಲಿ. "ಇವರಿಗೆ ಪೇಪರ್ ಕಪ್ ಇಷ್ಟ" ಅಂತ ಹುಡುಗನಿಗೆ ಹೇಳಿಟ್ಟಿದ್ದರು. ಮನೆ ಬಾಡಿಗೆ ಕೇಳಲು ಹೋದರೆ "ನೀವು ಯಾವ ಪೈಕಿ?" ಅಂತ ಕೇಳಿ, ಉತ್ತರ ಕೇಳಿದ ಮೇಲೆ "ನಿನ್ನೆನೇ ಬೇರೆಯವರು ಅಡ್ವಾನ್ಸ್ ಕೊಟ್ಟಾರ್ರಿ" ಅಂತಾರೆ. ಮುಚ್ಚಿಡುವವರು ಸುಮ್ಮನೆ ಮುಚ್ಚಿಡಲ್ಲ. ಆದರೆ ಹೆಸರು ಮುಚ್ಚಿಟ್ಟುಕೊಂಡೂ ತಂಗಿಯ ಮಗಳ ಫೀಸು ಕಟ್ಟಬಹುದು, ಊರಿನ ಹುಡುಗನಿಗೆ ಅರ್ಜಿ ತುಂಬಿ ಕೊಡಬಹುದು. ಅದಕ್ಕೂ ಕೈ ಬಾರದಿದ್ದರೆ ಅದು ಭಯ ಅಲ್ಲ, ಬೇರೆ ಏನೋ. 1956ರ ಮಾರ್ಚ್ 18ರಂದು ಆಗ್ರಾದಲ್ಲಿ ಬಾಬಾಸಾಹೇಬರು ಸಂಕಟ ಪಟ್ಟಿದ್ದು ಇದಕ್ಕೇ. ಓದಿದವರು ಸಮಾಜಕ್ಕೆ ಆಗ್ತಾರೆ ಅಂದುಕೊಂಡಿದ್ದೆ, ಅವರು ತಮ್ಮ ಹೊಟ್ಟೆ ನೋಡಿಕೊಳ್ತಿದ್ದಾರೆ ಅಂತ.

ಮಂಗಳೂರಿನ ಕುದ್ಮುಲ್ ರಂಗರಾಯರ ಹೆಸರು ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿಲ್ಲ. ಸಾರಸ್ವತ ಬ್ರಾಹ್ಮಣರು. ತಮ್ಮ ಜಾತಿಯವರ ಬಹಿಷ್ಕಾರ ಅನುಭವಿಸಿ ದಲಿತ ಮಕ್ಕಳಿಗೆ ಶಾಲೆ ತೆರೆದವರು, 1928ರಲ್ಲಿ ತೀರಿಕೊಂಡರು. ದಲಿತ ಮಕ್ಕಳು ಓದಿ ದೊಡ್ಡ ಕೆಲಸ ಹಿಡಿದು ಈ ದಾರಿಯಲ್ಲಿ ಕಾರಲ್ಲಿ ಓಡಾಡಬೇಕು, ಆ ಗಾಡಿಯ ಧೂಳು ತನ್ನ ತಲೆಗೆ ತಾಗಬೇಕು, ಆಗಲೇ ತನ್ನ ಜನ್ಮ ಸಾರ್ಥಕ ಅನ್ನೋದು ಅವರ ಆಸೆಯಾಗಿತ್ತು. ದೊಡ್ಡ ಮನಸ್ಸು, ಕೈ ಮುಗೀತೀನಿ. ಈಗ ಕಾರು ಬಂದಿದೆ, ಧೂಳೂ ಎದ್ದಿದೆ. ನನ್ನ ಪ್ರಶ್ನೆ ಕಾರಿನೊಳಗೆ ಕೂತವರಿಗೆ. ಹಾಸ್ಟೆಲ್ ಮುಂದೆ ಒಂದು ಸಲ ಗಾಡಿ ನಿಲ್ಲಿಸಿ ಒಳಗೆ ಹೋಗಿದ್ದೀರಾ?

ರೇಡಿಯಂ ಯಾರು ಅಂತ ಹೇಳಬೇಕಾ? ಯಾವ ಸಾಹೇಬರು, ಯಾವ ಶಾಸಕರು, ಯಾವ ಪಕ್ಷದವರು ಲೈಟ್ ಬಿಡ್ತಾರೋ ಅವರಿಗೆ ಮಾತ್ರ ಹೊಳೆಯುವ ನಮ್ಮ ಲೀಡರ್‌ಗಳು. ಏಪ್ರಿಲ್ 14 ಬಂದ್ರೆ ಫ್ಲೆಕ್ಸಿನಲ್ಲಿ ಬಾಬಾಸಾಹೇಬರ ಫೋಟೋ ಸ್ಟಾಂಪಿನಷ್ಟು, ಇವರ ಫೋಟೋ ಆಳುದ್ದ. ಕೇರಿಯಲ್ಲಿ ನೀರಿಲ್ಲ, ಸ್ಮಶಾನಕ್ಕೆ ಜಾಗ ಇಲ್ಲ ಅಂದ್ರೆ ಆ ಕಡೆ ಒಂದು ಕಿಡಿ ಬೆಳಕೂ ಬೀಳಲ್ಲ.

ಇಲ್ಲಿ ಭಕ್ತಿಯ ಮಾತೂ ಬರುತ್ತೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಎಚ್ಚರಿಕೆ ಕೊಟ್ಟಿದ್ದರು. ಧರ್ಮದಲ್ಲಿ ಭಕ್ತಿ ಮೋಕ್ಷಕ್ಕೆ ದಾರಿ ಇರಬಹುದು, ರಾಜಕೀಯದಲ್ಲಿ ಭಕ್ತಿ ಅವನತಿಗೆ, ಕೊನೆಗೆ ಸರ್ವಾಧಿಕಾರಕ್ಕೆ ದಾರಿ ಅಂತ. ಅದು ಅವರ ಫೋಟೋಕ್ಕೂ ಅನ್ವಯಿಸುತ್ತೆ. ಗೋಡೆ ಮೇಲಿನ ಅವರ ಫೋಟೋದ ಗಾಜನ್ನು ಗಮನಿಸಿದ್ದೀರಾ? ಎದುರಿಗೆ ಟ್ಯೂಬ್‌ಲೈಟ್ ಇದ್ದರೆ ಗಾಜಿನಲ್ಲಿ ಟ್ಯೂಬ್‌ಲೈಟೇ ಕಾಣುತ್ತೆ, ಅವರ ಮುಖ ಕಾಣಲ್ಲ. ನಾವು ನಿಂತ ಜಾಗ ಸ್ವಲ್ಪ ಬದಲಿಸಿದರೆ ಮುಖ ಕಾಣುತ್ತೆ. ಡಿಜೆ ಹಚ್ಚಿ ಕುಣೀರಿ, ನಾನು ಬ್ಯಾಡ ಅನ್ನಲ್ಲ. ನಮ್ಮ ಜನಕ್ಕೂ ಬೀದಿಯಲ್ಲಿ ಕುಣಿಯುವ ಹಕ್ಕಿದೆ. ಆದರೆ ಡಿಜೆಗೆ ಕೊಟ್ಟ ದುಡ್ಡಿನ ನಾಲ್ಕನೇ ಒಂದು ಭಾಗದಲ್ಲಿ ಕೇರಿಯ ಹತ್ತನೇ ಕ್ಲಾಸಿನ ಮಕ್ಕಳಿಗೆ ಗೈಡು, ಹಳೇ ಪ್ರಶ್ನೆಪತ್ರಿಕೆ ತಂದುಕೊಡ್ರಿ.

ಕನ್ನಡಿಯ ಬಗ್ಗೆ ಒಂದು ನಿಜವಾದ ಇತಿಹಾಸ ಇದೆ. ಕೇರಳದ ನಾರಾಯಣ ಗುರುಗಳು 1888ರಲ್ಲಿ ಅರುವಿಪ್ಪುರಂನಲ್ಲಿ ತಾವೇ ಶಿವನನ್ನು ಪ್ರತಿಷ್ಠೆ ಮಾಡಿದರು. ಗುಡಿಯೊಳಗೆ ಬಿಡದ ಜನಕ್ಕೆ ಗುಡಿಯನ್ನೇ ಕಟ್ಟಿಕೊಟ್ಟರು. 1912ರಲ್ಲಿ ನಮ್ಮ ಮಂಗಳೂರಿನ ಕುದ್ರೋಳಿಗೂ ಬಂದು ಬಿಲ್ಲವರಿಗಾಗಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. ಆಮೇಲೆ ಕಾರಮುಕ್ಕು ಎಂಬಲ್ಲಿ ಮೂರ್ತಿಯ ಬದಲು ದೀಪ ಇಟ್ಟರು. 1927ರಲ್ಲಿ ಕಳವಂಕೋಡಂನಲ್ಲಿ ಕನ್ನಡಿ ಇಟ್ಟರು. ಕಲ್ಲು, ದೀಪ, ಕನ್ನಡಿ. ಕೈ ಮುಗಿಯಲು ಹೋದವನಿಗೆ ತನ್ನ ಮುಖವೇ ಕಂಡಿತು. ಅದೇ 1927ರ ಮಾರ್ಚ್ 20ರಂದು ಮಹಾಡ್‌ನಲ್ಲಿ ಬಾಬಾಸಾಹೇಬರು ಚೌದಾರ್ ಕೆರೆಯ ನೀರು ಮುಟ್ಟಿದರು. ಒಂದು ಕಡೆ ನಿನ್ನನ್ನು ನೀನು ನೋಡು ಅಂದರು, ಇನ್ನೊಂದು ಕಡೆ ಎದ್ದು ಹೋಗಿ ನೀರು ಕುಡಿ ಅಂದರು. ನಮಗೆ ಎರಡೂ ಬೇಕು. ಮನಸ್ಸು ಬದಲಾಯಿಸಿಕೊಂಡು ಕೆರೆಗೆ ಹೋಗದವನು ಮನೆಯಲ್ಲೇ ಸಾಧು ಆಗ್ತಾನೆ. ಕೆರೆಗೆ ಹೋಗಿ ಮನಸ್ಸು ಬದಲಾಯಿಸಿಕೊಳ್ಳದವನು ನಾಳೆ ಇನ್ನೊಬ್ಬನಿಗೆ ನೀರು ಬಿಡಲ್ಲ.

ಕನ್ನಡಿ ಅಂದರೆ ನಮ್ಮ ಕಡೆ ಇನ್ನೊಂದು ನೆನಪಾಗುತ್ತೆ, ಕಟಿಂಗ್ ಅಂಗಡಿಯ ಕನ್ನಡಿ. ಅದರ ಮುಂದಿನ ಕುರ್ಚಿಯಲ್ಲಿ ಕೂತುಕೊಳ್ಳಲು ನಮ್ಮ ಹುಡುಗರಿಗೆ ಇವತ್ತಿಗೂ ಎಷ್ಟೋ ಹಳ್ಳಿಗಳಲ್ಲಿ ಆಗಲ್ಲ. ಬೈಕ್ ಹತ್ತಿ ಪೇಟೆಗೆ ಹೋಗಿ ಕೂದಲು ಕತ್ತರಿಸಿಕೊಂಡು ಬರ್ತಾರೆ. ನಮ್ಮ ಪಕ್ಕದ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ಕಟಿಂಗ್ ಅಂಗಡಿ, ಹೋಟೆಲ್ ಪ್ರವೇಶದ ಪ್ರಶ್ನೆ ಕುದಿಯುತ್ತಾ ಇತ್ತು. 2014ರ ಆಗಸ್ಟ್ 28ರಂದು ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷ ಆದ ಮೇಲೆ, 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆಮೇಲೆ ಅದು ಹೈಕೋರ್ಟಿಗೆ ಹೋಯ್ತು, ಜಾಮೀನೂ ಆಯ್ತು. ತೀರ್ಪು ಬಂದ ದಿನ ಎಲ್ಲರೂ 98 ಎಂಬ ಅಂಕಿ ಬಗ್ಗೆ ಮಾತಾಡಿದರು. ನಾನು ಯೋಚನೆ ಮಾಡಿದ್ದು ಹತ್ತು ವರ್ಷ ಕೋರ್ಟಿಗೆ ಅಲೆದು ಸಾಕ್ಷಿ ಹೇಳಿದ ಕೂಲಿ ಜನರ ಬಗ್ಗೆ. ಅದೇ ಊರಲ್ಲಿ ಇದ್ದು, ಅದೇ ರಸ್ತೆಯಲ್ಲಿ ಓಡಾಡಿ, ಕಟಕಟೆಯಲ್ಲಿ ನಿಂತು ಕಂಡದ್ದನ್ನು ಕಂಡಂತೆ ಹೇಳೋದು. ಸಾಕ್ಷಿ ಅಂದ್ರೆ ಇದೇ ಅಲ್ವಾ? ನಡೆದದ್ದರ ಬೆಳಕನ್ನು ಮುರಿಯದೆ ನ್ಯಾಯಾಧೀಶರ ಟೇಬಲ್ಲಿನ ತನಕ ಮುಟ್ಟಿಸೋದು. ಅವರೆಲ್ಲ ಡಿಗ್ರಿ ಓದಿದವರಲ್ಲ. ಓದಿದ ನಮಗೆ ಅವರು ಪಾಠ.

ನಮ್ಮ ಮನೆಯೊಳಗಿನ ಕತ್ತಲೆಯ ಬಗ್ಗೆಯೂ ಹೇಳಿಬಿಡ್ತೀನಿ. ಸ್ಟೇಜ್ ಮೇಲೆ ಸಮಾನತೆ, ಮನೆಗೆ ಬಂದ ಮೇಲೆ "ಚಹಾ ಎಲ್ಲಿ?" ಅಂತ ಗದರುವ ಗಂಡಸರು ನಮ್ಮಲ್ಲಿ ಬಹಳ ಜನ ಇದ್ದಾರೆ. ದೇವದಾಸಿ ಪದ್ಧತಿ ನಿಷೇಧದ ಕಾಯ್ದೆ ಕರ್ನಾಟಕದಲ್ಲಿ ಬಂದದ್ದು 1982ರಲ್ಲಿ. ನಮ್ಮ ಜಿಲ್ಲೆಯ ಕೇರಿಗಳಲ್ಲಿ ಆ ತಾಯಂದಿರ ಮಕ್ಕಳು ಇವತ್ತಿಗೂ ಅರ್ಜಿಯಲ್ಲಿ ತಂದೆಯ ಹೆಸರಿನ ಕಾಲಂ ಬಂದಾಗ ಪೆನ್ನು ನಿಲ್ಲಿಸ್ತಾರೆ. ಆ ಅರ್ಜಿ ನನ್ನ ಟೇಬಲ್ಲಿಗೆ ಬಂದಾಗ ನಾನು ತಾಯಿಯ ಹೆಸರನ್ನು ಮೊದಲು ಕೇಳ್ತೀನಿ, ದನಿ ತಗ್ಗಿಸಲ್ಲ, ಮುಖ ಮೇಲೆತ್ತಿ ನೋಡ್ತೀನಿ. ಬಹಳ ಸಣ್ಣ ಕೆಲಸ ಇದು. ಆದರೆ ಆ ಹುಡುಗಿ ಹೋಗುವಾಗ ಬಂದಾಗಿನಂತೆ ಹೋಗಲ್ಲ, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಎಡಗೈ ಬಲಗೈ ಮಾತೂ ಅಷ್ಟೇ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಒಳಮೀಸಲಾತಿ ಮಾಡಬಹುದು ಅಂತ ತೀರ್ಪು ಕೊಟ್ಟ ಮೇಲೆ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಅಣ್ಣತಮ್ಮಂದಿರು ಬೈದಾಡಿದ್ದನ್ನು ನೋಡಿದ್ದೀನಿ. ಮೇಲಿನವರು ನಮಗೆ ನೀರು ಬಿಡಲಿಲ್ಲ ಅಂತ ಕೇಳಿದ ನಾವೇ, ನಮ್ಮ ಕೆಳಗಿನ ಹೊಲಕ್ಕೆ ಗೇಟ್ ಎತ್ತಲು ಹಿಂದೆಮುಂದೆ ನೋಡಿದರೆ ಹೇಗೆ? ಅಲೆಮಾರಿ ಬಂಧುಗಳ ಡೇರೆಗೆ ಇನ್ನೂ ಬೆಳಕೇ ಮುಟ್ಟಿಲ್ಲ. ಅದನ್ನು ಮುಟ್ಟಿಸೋದು ಸರ್ಕಾರದ ಕೆಲಸ ಮಾತ್ರ ಅಲ್ಲ, ನಮ್ಮದೂ ಹೌದು.

ಸುಣ್ಣದ ಗೋಡೆಯಾಗೋದು ಹೇಗೆ ಅಂತ ಕೇಳ್ತೀರಿ. ನನಗೆ ಗೊತ್ತಿರುವ ಒಂದು ಉದಾಹರಣೆ ಹೇಳ್ತೀನಿ. ಬಿಎ ಓದುವಾಗ ಪುಸ್ತಕ ಕೊಳ್ಳಲು ನನ್ನ ಹತ್ತಿರ ದುಡ್ಡಿರಲಿಲ್ಲ. ಹಾಸ್ಟೆಲಿನ ಸೀನಿಯರ್ ಅಣ್ಣ ತನ್ನ ಪುಸ್ತಕಗಳನ್ನು ಕೊಟ್ಟ. ಮೊದಲ ಪುಟದಲ್ಲಿ ಮೂರು ಹೆಸರಿದ್ದವು, ಅವನದು ಮೂರನೇದು. ಹಣ ಕೊಡ್ತೀನಿ ಅಂದಿದ್ದಕ್ಕೆ, "ನಾಕನೇ ಹೆಸರು ಬರಿ, ಐದನೇದವನಿಗೆ ಕೊಡು" ಅಂದ. ಆ ಅಣ್ಣ ಭಾಷಣ ಮಾಡಿದವನಲ್ಲ, ಯಾವ ಸಂಘಟನೆಯ ಪದಾಧಿಕಾರಿಯೂ ಅಲ್ಲ. ನಾನು ಡಿಗ್ರಿ ಮುಗಿಸಿದ್ದು ಆ ಪುಸ್ತಕಗಳಿಂದ.

ಕೊನೆಗೆ ದೂರ ದೇಶದ ಒಂದು ಸಂಗತಿ. ನಾರ್ವೆಯಲ್ಲಿ ರ್ಯೂಕನ್ ಅಂತ ಒಂದು ಊರಿದೆ. ಎತ್ತರದ ಬೆಟ್ಟಗಳ ನಡುವಿನ ಕಣಿವೆ. ಸೆಪ್ಟೆಂಬರಿನಿಂದ ಮಾರ್ಚ್ ತನಕ ಊರೊಳಗೆ ನೇರ ಬಿಸಿಲೇ ಬೀಳಲ್ಲ. 1913ರಲ್ಲಿ ಅಲ್ಲಿಯ ಲೆಕ್ಕಪತ್ರ ಬರೆಯುವ ಒಬ್ಬ ನೌಕರ, ಓಸ್ಕರ್ ಕಿಟಿಲ್ಸನ್ ಅಂತ, ಬೆಟ್ಟದ ಮೇಲೆ ಕನ್ನಡಿ ಇಟ್ಟು ಊರಿಗೆ ಬಿಸಿಲು ಇಳಿಸಬಹುದು ಅಂತ ಊರ ಪತ್ರಿಕೆಗೆ ಬರೆದ. ಆಗ ಅದು ಆಗಲಿಲ್ಲ. ಸರಿಯಾಗಿ ನೂರು ವರ್ಷ ಆದ ಮೇಲೆ, 2013ರಲ್ಲಿ, ಬೆಟ್ಟದ ಮೇಲೆ ಮೂರು ದೊಡ್ಡ ಕನ್ನಡಿ ನಿಲ್ಲಿಸಿದರು. ಈಗ ಚಳಿಗಾಲದಲ್ಲೂ ಊರ ಚೌಕದಲ್ಲಿ ಬಿಸಿಲು ಬೀಳುತ್ತೆ, ಜನ ಅಲ್ಲಿ ಬಂದು ಕೂತ್ಕೋತಾರೆ.

ಇದರಲ್ಲಿ ನನಗೆ ಹಿಡಿಸಿದ್ದು ಎರಡು. ಒಂದು, ಆ ಕನ್ನಡಿಗಳನ್ನು ಒಮ್ಮೆ ಇಟ್ಟು ಬಿಟ್ಟರೆ ಆಗಲ್ಲ. ಸೂರ್ಯ ಸರಿದ ಹಾಗೆ ಅವೂ ದಿನವಿಡೀ ತಿರುಗುತ್ತಾ ಇರಬೇಕು. ಒಂದು ಜಾಗದಲ್ಲಿ ನಿಂತುಬಿಟ್ಟರೆ ಬಿಸಿಲು ಚೌಕ ಬಿಟ್ಟು ಬೇರೆ ಎಲ್ಲೋ ಬೀಳುತ್ತೆ. ನಮ್ಮ ಸಂಘಟನೆಗಳು ಎಂಬತ್ತರ ದಶಕದ ಭಾಷಣವನ್ನೇ ಇವತ್ತಿಗೂ ಓದುತ್ತಿದ್ದರೆ ಆಗೋದು ಹಾಗೇ. ಹುಡುಗರು ಮೊಬೈಲಿನಲ್ಲಿದ್ದಾರೆ, ಸ್ಕಾಲರ್‌ಶಿಪ್ ಆನ್‌ಲೈನ್ ಆಗಿದೆ, ಗುತ್ತಿಗೆ ಕೆಲಸದಲ್ಲಿ ಮೀಸಲಾತಿ ಸರಿಯಾಗಿ ಸಿಗ್ತಿಲ್ಲ. ಕನ್ನಡಿ ಆ ಕಡೆ ತಿರುಗಬೇಕು. ಎರಡು, ಆ ಯೋಚನೆ ಬರೆದವನು ಎಂಜಿನಿಯರ್ ಅಲ್ಲ, ಮಂತ್ರಿ ಅಲ್ಲ, ಲೆಕ್ಕ ಬರೆಯುವ ನೌಕರ. ನನ್ನಂಥವನು. ಬಿಸಿಲು ಬೀಳೋದನ್ನು ಅವನು ನೋಡಲಿಲ್ಲ, ಆದರೂ ಬರೆದಿಟ್ಟ.

ಅದಕ್ಕೇ ಕೆಲಸದ ಮಾತು. ಈ ಪೋಸ್ಟ್ ಓದಿದ ನೌಕರರು, ಮೇಷ್ಟ್ರು, ಪೊಲೀಸರು, ನರ್ಸ್ ಅಕ್ಕಂದಿರು, ಡಿಪೋದ ಕಂಡಕ್ಟರ್ ಅಣ್ಣಂದಿರು ಈ ವರ್ಷ ಮೂರು ಕೆಲಸ ಮಾಡ್ರಿ.

ನಿಮ್ಮ ಕೇರಿಯಲ್ಲಿ ಈ ವರ್ಷ ಎಸ್ಸೆಸ್ಸೆಲ್ಸಿ, ಪಿಯುಸಿ ಬರೆಯುವ ಮಕ್ಕಳ ಹೆಸರು ಒಂದು ಹಾಳೆಯಲ್ಲಿ ಬರೆದುಕೊಳ್ರಿ. ಅವರ ಜಾತಿ, ಆದಾಯ ಪ್ರಮಾಣ ಪತ್ರ ಸಿಂಧು ಇದೆಯಾ, ಆಧಾರ್ ಬ್ಯಾಂಕಿಗೆ ಲಿಂಕ್ ಆಗಿದೆಯಾ ನೋಡ್ರಿ. ಸ್ಕಾಲರ್‌ಶಿಪ್ ತಪ್ಪೋದು ಬಹಳ ಸಲ ಬುದ್ಧಿ ಇಲ್ಲದ್ದಕ್ಕಲ್ಲ, ಇಂಥ ಒಂದು ಕಾಗದ ಇಲ್ಲದ್ದಕ್ಕೆ.

ಫೇಲಾದ ಮಕ್ಕಳನ್ನು ಮೊದಲು ಭೇಟಿ ಮಾಡ್ರಿ. ಪಾಸಾದವರಿಗೆ ಶಾಲು ಹೊದಿಸಲು ಎಲ್ಲರೂ ಬರ್ತಾರೆ. ಫೇಲಾದವರ ಮನೆಗೆ ಯಾರೂ ಹೋಗಲ್ಲ. ಮುಂದಿನ ಪರೀಕ್ಷೆಯ ನೋಂದಣಿಯ ಕೊನೇ ದಿನಾಂಕ ಹೇಳೋದಕ್ಕೆ ಒಂದು ಫೋನ್ ಸಾಕು.

ಮೂರನೇದು, ನಿಮ್ಮ ಮನೆಯ ಪುಸ್ತಕದ ಮೊದಲ ಪುಟದಲ್ಲಿ ಎರಡನೇ ಹೆಸರು ಬೀಳಲಿ. ಬಾಬಾಸಾಹೇಬರ ಸಂಪುಟಗಳು ಶೋಕೇಸಿನಲ್ಲಿ ಚಂದ ಕಾಣ್ತವೆ, ಒಪ್ಪಿಕೊಳ್ತೀನಿ. ಆದರೆ ಅವು ಅಲ್ಲಿ ಇರಬಾರದು.

ನಾಳೆ ಯಾರಾದ್ರೂ "ನಿಮ್ಮದು ಎರವಲು ಬೆಳಕು" ಅಂದ್ರೆ ನಮ್ಮ ಹುಡುಗರು ತಲೆ ತಗ್ಗಿಸೋದು ಬ್ಯಾಡ, ಮೆರಿಟ್ ರುಜುವಾತು ಕೊಡೋದೂ ಬ್ಯಾಡ. "ಹೌದ್ರಿ, ಯಾರಿಂದ ಬಂತು ಅಂತ ನನಗ ಗೊತ್ತದ. ಯಾರಿಗೆ ಮುಟ್ಟಿಸಬೇಕು ಅನ್ನೋದೂ ಗೊತ್ತದ. ನಿಮಗ ಎಲ್ಲಿಂದ ಬಂತು, ಹೇಳ್ರಿ ನೋಡೋಣ" ಅಂತ ಕೇಳ್ರಿ. ಜಗಳ ಮಾಡದೆ, ಕಣ್ಣಲ್ಲಿ ಕಣ್ಣಿಟ್ಟು.

ಶೇರ್ ಮಾಡೋರು ಮಾಡ್ರಿ. ಅದಕ್ಕಿಂತ ಮೊದಲು ಆ ಹಾಳೆ ಮೇಲೆ ಮಕ್ಕಳ ಹೆಸರು ಬರೀರಿ. ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯವರಿಗೆ ಅರ್ಜಿ ತುಂಬಲು ಸಹಾಯ ಬೇಕಾದ್ರೆ ಮೆಸೇಜ್ ಹಾಕ್ರಿ, ಸಂಜೆ ಆರರ ಮೇಲೆ ನಾನು ಬಿಡುವಾಗಿರ್ತೀನಿ.

ಜೈ ಭೀಮ್. ಜೈ ಸಂವಿಧಾನ.

ಜವಳಗೇರಾ